ಹೆಚ್ಚು ಬೆಳಕಿನ ಬಲ್ಬ್ ಯಾವುದು ಅಂತ ಕೇಳೋ ಮುಂಚೆ...

ಕಾರು ಇಟ್ಟುಕೊಂಡಿರೋ ಗೆಳೆಯರ ಮಾತು ಎಲ್ಲಿ ಶುರುವಾದರೂ ಒಂದಲ್ಲ ಒಂದು ದಿನ ಹೆಡ್‌ಲೈಟಿಗೆ ಬಂದು ನಿಲ್ಲುತ್ತೆ. "ಕಂಪನಿ ಲೈಟು ಏನೇನೂ ಸಾಲಲ್ಲ ಗುರೂ, ಎಚ್.ಐ.ಡಿ. ಹಾಕಿಸ್ಬೇಕು. ಎಲ್ಲಕ್ಕಿಂತ ಜಾಸ್ತಿ ಬೆಳಕು ಯಾವುದ್ರದ್ದು?" ಬೆಂಗಳೂರಿನ ಜೆ.ಸಿ. ರೋಡಿಗೆ ಹೋದರೆ ಉತ್ತರದ ಜೊತೆ ಇನ್ನಷ್ಟು ಪ್ರಶ್ನೆಗಳೂ ಸಿಗುತ್ತವೆ. 35 ವ್ಯಾಟಾ, 55 ವ್ಯಾಟಾ? 6000 ಕೆಲ್ವಿನ್ನಾ, 8000 ಕೆಲ್ವಿನ್ನಾ? ಈಗೀಗ ಎಚ್.ಐ.ಡಿ. ಜಾಗಕ್ಕೆ ಎಲ್‌ಇಡಿ ಬಂದಿದೆ. ಪ್ರಶ್ನೆ ಮಾತ್ರ ಅದೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಈ ಪ್ರಶ್ನೆಯೇ ಸರಿಯಿಲ್ಲ. ನಮಗೆ ಬೇಕಾಗಿರೋದು ಹೆಚ್ಚು ಬೆಳಕಲ್ಲ, ರಸ್ತೆ ಕಾಣಿಸೋದು. ಇವೆರಡೂ ಒಂದೇ ಅಂದುಕೊಂಡಿದ್ದೇವೆ, ಅಷ್ಟೇ.

ಹಾಗಂತ ಕೇಳೋರ ಕಷ್ಟ ಸುಳ್ಳು ಅಂತಲ್ಲ. ನಮ್ಮ ಬೆಂಗಳೂರು ಗ್ರಾಮಾಂತರದ ರಸ್ತೆಗಳಲ್ಲಿ ರಾತ್ರಿ ಓಡಿಸಿದವರಿಗೆ ಗೊತ್ತು. ದೊಡ್ಡಬಳ್ಳಾಪುರದಿಂದ ಒಳಗೆ ಯಾವುದಾದರೂ ಹಳ್ಳಿ ದಾರಿ ಹಿಡಿಯಿರಿ, ಇಲ್ಲಾ ಸೂಲಿಬೆಲೆಯಿಂದ ಆಚೀಚೆ ಹೋಗಿ. ಅಂಚಿಗೆ ಬಿಳಿ ಗೆರೆ ಇದ್ದರೆ ಪುಣ್ಯ. ಹಂಪ್ ಇರುತ್ತೆ, ಅದರ ಮೇಲೆ ಬಣ್ಣ ಇರಲ್ಲ. ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಇದ್ದಕ್ಕಿದ್ದಂತೆ ಎದುರಾಗುತ್ತೆ. ಡಿಸೆಂಬರ್, ಜನವರಿಯಲ್ಲಂತೂ ರಸ್ತೆಯೇ ಕಣ. ಒಕ್ಕಣೆಗೆ ಹರಡಿದ ರಾಗಿ ತೆನೆ, ಪಕ್ಕದಲ್ಲಿ ಹುಲ್ಲಿನ ಗುಡ್ಡೆ, ಗಾಡಿಗಳು ಅಂಚಿಗೆ ಬರದಿರಲಿ ಅಂತ ಇಟ್ಟ ಕಲ್ಲುಗಳು. ಇಂಥ ಕಡೆ ಯಾರಾದರೂ "ಇನ್ನೊಂಚೂರು ಬೆಳಕಿದ್ದಿದ್ದರೆ" ಅಂದರೆ ನಾನು ನಗಲ್ಲ.

ಆದರೆ ಬಲ್ಬ್ ಬದಲಾಯಿಸಿದರೆ ಏನಾಗುತ್ತೆ ಅಂತ ಸ್ವಲ್ಪ ನೋಡಿ.

ನಮ್ಮಲ್ಲಿ ಬಹಳ ಕಾರುಗಳಲ್ಲಿ ಬರೋದು ಎಚ್‌4 ಹ್ಯಾಲೊಜೆನ್ ಬಲ್ಬ್, 60/55 ವ್ಯಾಟ್. ಒಳಗೆ ಎರಡು ತಂತಿ, ಒಂದು ಹೈ ಬೀಮಿಗೆ, ಇನ್ನೊಂದು ಡಿಪ್ಪಿಗೆ. ಡಿಪ್ ತಂತಿಯ ಕೆಳಗೆ ಪುಟ್ಟ ಲೋಹದ ತಟ್ಟೆ ಇರುತ್ತೆ. ಬೆಳಕು ಮೇಲಕ್ಕೆ ಚಿಮ್ಮಿ ಎದುರಿನವರ ಕಣ್ಣಿಗೆ ಹೊಡೆಯದಂತೆ ತಡೆಯೋದು ಅದರ ಕೆಲಸ. ರಿಫ್ಲೆಕ್ಟರನ್ನು ಆ ತಂತಿಯ ಅಳತೆಗೆ, ಅದು ಕೂತಿರೋ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಒಂದು ಮಿಲಿಮೀಟರ್ ಆಚೀಚೆ ಆದರೂ ಬೆಳಕು ದಾರಿ ತಪ್ಪುತ್ತೆ.

ಎಚ್.ಐ.ಡಿ.ಯಲ್ಲಿ ತಂತಿಯೇ ಇಲ್ಲ. ಕ್ಸೆನಾನ್ ಅನಿಲ ತುಂಬಿದ ಪುಟ್ಟ ಗಾಜಿನ ಬುರುಡೆಯೊಳಗೆ ಎರಡು ತುದಿಗಳ ನಡುವೆ ವಿದ್ಯುತ್ತಿನ ಕಿಡಿ ಕಮಾನಿನ ಹಾಗೆ ಉರೀತಿರುತ್ತೆ. ಅದನ್ನು ಹೊತ್ತಿಸೋಕೆ ಸಾವಿರಾರು ವೋಲ್ಟ್ ಬೇಕು, ಅದಕ್ಕೇ ಬ್ಯಾಲಸ್ಟ್ ಅನ್ನೋ ಡಬ್ಬಿ. ಎಚ್‌4 ಡಿಪ್ಪಿನಲ್ಲಿ ಸುಮಾರು 1000 ಲ್ಯೂಮೆನ್ ಬೆಳಕು ಬಂದರೆ 35 ವ್ಯಾಟಿನ ಎಚ್.ಐ.ಡಿ. ಸುಮಾರು 3200 ಲ್ಯೂಮೆನ್ ಕೊಡುತ್ತೆ. ಮೂರು ಪಟ್ಟು! ಆದರೆ ಆ ಕಮಾನಿನ ಆಕಾರವೇ ಬೇರೆ. ತಂತಿಗಾಗಿ ಮಾಡಿದ ರಿಫ್ಲೆಕ್ಟರಿನಲ್ಲಿ ಅದನ್ನು ಕೂರಿಸಿದರೆ ಬೆಳಕು ಮರಕ್ಕೆ, ಆಕಾಶಕ್ಕೆ, ಎದುರು ಬರೋನ ಮುಖಕ್ಕೆ ಚೆಲ್ಲುತ್ತೆ.

1991ರಲ್ಲಿ ಬಿಎಂಡಬ್ಲ್ಯು 7 ಸರಣಿಯಲ್ಲಿ ಈ ದೀಪ ಮೊದಲು ಬಂದಾಗ ಇಡೀ ಹೆಡ್‌ಲೈಟನ್ನೇ ಅದಕ್ಕಾಗಿ ರೂಪಿಸಿದ್ದರು. ಯುರೋಪಿನ ನಿಯಮಗಳು 2000 ಲ್ಯೂಮೆನ್ ದಾಟಿದ ಡಿಪ್ ದೀಪಕ್ಕೆ ತಾನೇ ಎತ್ತರ ಸರಿಮಾಡಿಕೊಳ್ಳೋ ವ್ಯವಸ್ಥೆಯನ್ನೂ ಗಾಜು ತೊಳೆಯೋ ವ್ಯವಸ್ಥೆಯನ್ನೂ ಕಡ್ಡಾಯ ಮಾಡಿದವು. ನಾವು ಬಲ್ಬನ್ನು ಮಾತ್ರ ತಂದುಕೊಂಡೆವು. ಮಿಕ್ಕಿದ್ದನ್ನು ಅಲ್ಲೇ ಬಿಟ್ಟೆವು :-)

ಸರಿ, ಎದುರಿನವನ ಕಥೆ ಬಿಡಿ, ನನಗಾದರೂ ಚೆನ್ನಾಗಿ ಕಾಣುತ್ತಲ್ಲ ಅಂತೀರಾ? ಅದೂ ಇಲ್ಲ. ಬಾನೆಟ್ಟಿನ ಮುಂದೆಯೇ ಬೆಳ್ಳಂಬೆಳಕು ಬಿದ್ದರೆ ಕಣ್ಣಿನ ಪಾಪೆ ಕಿರಿದಾಗುತ್ತೆ, ದೂರದ ಕತ್ತಲು ಇನ್ನೂ ಕಪ್ಪಾಗುತ್ತೆ. ರಾಗಿ ಹುಲ್ಲಿನ ಗುಡ್ಡೆ ಇರೋದು ದೂರದಲ್ಲಿ. ಬಣ್ಣದ ವಿಷಯವೂ ಅಷ್ಟೇ. ಕಾರ್ಖಾನೆಯಿಂದಲೇ ಬರೋ ಎಚ್.ಐ.ಡಿ. ಸುಮಾರು 4300 ಕೆಲ್ವಿನ್. 6000, 8000 ಅಂತ ಮೇಲೆ ಹೋದ ಹಾಗೆ ನೀಲಿ ಹೆಚ್ಚುತ್ತೆ, ಬೆಳಕು ಕಡಿಮೆಯಾಗುತ್ತೆ. ಚಳಿಗಾಲದ ಬೆಳಗಿನ ಜಾವ ದೇವನಹಳ್ಳಿ ದಾಟಿ ನಂದಿ ಬೆಟ್ಟಕ್ಕೆ ಹೊರಟಾಗ ಮಂಜು ಕವಿದರೆ ಆ ಬೆಳಕೆಲ್ಲ ಬಿಳಿ ಗೋಡೆಯಾಗಿ ನಿಮ್ಮ ಕಣ್ಣಿಗೇ ವಾಪಸ್ಸು.

ಈಗ ಎದುರಿನವನ ವಿಷಯ. ಯಾರವನು? ಮಗ್ಗದಲ್ಲಿ ರಾತ್ರಿ ಪಾಳಿ ಮುಗಿಸಿ ಹಳ್ಳಿಗೆ ಹೊರಟವನು. ಡೈರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಟಿವಿಎಸ್‌ನಲ್ಲಿ ಬರ್ತಿರೋನು. ಹೆಲ್ಮೆಟ್ಟಿನ ಗಾಜಿನ ಮೇಲೆ ನೂರು ಗೀರು. ವಯಸ್ಸಾದ ಕಣ್ಣಾದರೆ, ಪೊರೆ ಬಂದಿದ್ದರೆ, ಕೋರೈಸಿದ ಮೇಲೆ ಸರಿಹೋಗೋಕೆ ಇನ್ನೂ ಹೊತ್ತು ಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಹೋಗ್ತೀವಿ. ಎದುರಿನ ಕಾರಿನವನಿಗೆ ಮೂರೇ ಸೆಕೆಂಡು ಕಣ್ಣು ಕಾಣಲಿಲ್ಲ ಅಂದರೆ 66 ಮೀಟರ್ ಕುರುಡಾಗಿ ಓಡಿಸಿದ ಲೆಕ್ಕ. ಡಿವೈಡರ್ ಇಲ್ಲದ ರಸ್ತೆಯಲ್ಲಿ ಅವನು ಕುರುಡಾದರೆ ಬಂದು ಗುದ್ದೋದು ಯಾರಿಗೆ? ಅವನಿಗೆ ನೀವು ಕಾಣೋದು ನಿಮ್ಮದೇ ಕ್ಷೇಮ ಕಣ್ರೀ.

"ಎದುರಿನವನೇ ಹಾಕ್ಕೊಂಡು ಬರ್ತಾನೆ, ನಾನೊಬ್ಬ ಯಾಕೆ ಸುಮ್ನಿರ್ಲಿ" ಅನ್ನೋದು ಎಲ್ಲರೂ ಕೊಡೋ ಕಾರಣ. ನನಗೆ ತುಂಬಾ ಬೇಸರ ತರಿಸೋದು ಇದೇ. ಈ ಜಿದ್ದಿಗೆ ಕೊನೆಯಿಲ್ಲ. ಗೆದ್ದವರಿಗೂ ರಸ್ತೆ ಕಾಣಲ್ಲ. ಹಿಂದೆಲ್ಲ ಲಾರಿ, ಕಾರುಗಳ ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳೀತಿದ್ದರು, ನೆನಪಿದೆಯಾ? ಎದುರಿನವನಿಗೂ ಕಣ್ಣಿದೆ ಅನ್ನೋದು ಆಗ ದೀಪದ ಮೇಲೇ ಬರೆದಂತಿತ್ತು.

ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ ಡಿಪ್ ಬೆಳಕು, ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ಒಂದೂವರೆ ಮೀಟರ್ ಎತ್ತರದಲ್ಲಿರೋ ಕಣ್ಣನ್ನು ಕೋರೈಸಬಾರದು. 2024ರ ಜುಲೈನಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕೋ ಎಲ್‌ಇಡಿ ದೀಪಗಳ ಮೇಲೆ ರಾಜ್ಯದಾದ್ಯಂತ ಕೇಸು ಹಾಕೋಕೆ ಶುರುಮಾಡಿದರು. ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್, ಮೊದಲ ಸಲ 500 ರೂಪಾಯಿವರೆಗೆ ದಂಡ. ಸಾವಿರಾರು ರೂಪಾಯಿ ಕೊಟ್ಟು ದೀಪ ಹಾಕಿಸಿದವನಿಗೆ ಐನೂರು ಯಾವ ಲೆಕ್ಕ ಬಿಡಿ. ಅದಕ್ಕೇ ಇದು ಪೊಲೀಸರಿಂದ ಮಾತ್ರ ಆಗೋ ಕೆಲಸ ಅಲ್ಲ.

ಹಾಗಾದರೆ ಏನು ಮಾಡೋದು? ದುಡ್ಡು ಖರ್ಚು ಮಾಡೋ ಮುಂಚೆ ಇಷ್ಟು ನೋಡಿ. ಹೆಡ್‌ಲೈಟಿನ ಹೊರಕವಚ ಹಳದಿಗಟ್ಟಿದ್ದರೆ ಪಾಲಿಶ್ ಮಾಡಿಸಿ. ಹಳೇ ವೈರಿಂಗಿನಲ್ಲಿ ವೋಲ್ಟೇಜ್ ಸೋರುತ್ತೆ, ಶೇ. 10ರಷ್ಟು ಕಡಿಮೆಯಾದರೂ ಹ್ಯಾಲೊಜೆನ್ನಿನ ಬೆಳಕು ಶೇ. 30ರಷ್ಟು ಇಳಿಯುತ್ತೆ. ರಿಲೇ ಇಲ್ಲದಿದ್ದರೆ ಒಳ್ಳೇ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿ. ಅದೇ 60/55 ವ್ಯಾಟಿನಲ್ಲಿ ಒಳ್ಳೇ ಬಲ್ಬ್ ಸಿಗುತ್ತೆ. ದೀಪದ ಎತ್ತರ ಸರಿಮಾಡಿಸಿ. ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಅಂತ ಬರೆದ ಪುಟ್ಟ ಚಕ್ರ ಇದ್ದರೆ, ಹಿಂದೆ ಜನ, ಸಾಮಾನು ತುಂಬಿದಾಗ ಅದನ್ನು ತಿರುಗಿಸಿ, ಅದು ಇರೋದೇ ಅದಕ್ಕೆ. ಎಚ್.ಐ.ಡಿ. ಬೇಕೇ ಬೇಕು ಅಂದರೆ ಕಾರ್ಖಾನೆಯಲ್ಲೇ ಅದನ್ನಿಟ್ಟು ಮಾಡಿದ ಕಾರು ತಗೊಳ್ಳಿ. ಮತ್ತೆ, ನಿಮ್ಮೂರಿನ ಹಂಪಿಗೆ ಬಣ್ಣ, ರಸ್ತೆ ಅಂಚಿಗೆ ರಿಫ್ಲೆಕ್ಟರ್ ಬೇಕು ಅಂತ ಪಂಚಾಯಿತಿಗೋ ಲೋಕೋಪಯೋಗಿ ಇಲಾಖೆಗೋ ಒಂದು ಅರ್ಜಿ ಕೊಡಿ. ಅದು ಬಂದರೆ ಟಿವಿಎಸ್‌ನವನಿಗೂ ದಾರಿ ಕಾಣುತ್ತೆ.

ಈಗಾಗಲೇ ಹಾಕಿಸಿಬಿಟ್ಟಿದ್ದೀರಾ? ಹಾಗಾದರೆ ರಾತ್ರಿ ಕಾರನ್ನು ಬಯಲಲ್ಲಿ ನಿಲ್ಲಿಸಿ, ಡಿಪ್ ಹಾಕಿ, ಎದುರಿಗೆ ಹನ್ನೆರಡು ಹೆಜ್ಜೆ ನಡೀರಿ. ಎದುರು ಗಾಡಿ ಬರೋ ಕಡೆಗೆ ಒಂದು ಹೆಜ್ಜೆ ಸರಿದು, ಬೈಕಿನ ಮೇಲೆ ಕೂತವನ ಎತ್ತರಕ್ಕೆ ಸ್ವಲ್ಪ ಬಗ್ಗಿ, ನಿಮ್ಮ ದೀಪವನ್ನೇ ನೋಡಿ. ನೋಡೋಕಾಗದೆ ಮುಖ ತಿರುಗಿಸಿದಿರಾ? ಹಾಗಾದರೆ ಬೆಳಿಗ್ಗೆಯೇ ಅದನ್ನು ಬಿಚ್ಚಿಸಿ.