ಗಾಳಿ ನಮ್ಮೂರದು, ಜಲಜನಕ ಕಡಲ ತೀರದ್ದು: ಹಸಿರು ಇಂಧನದ ಲೆಕ್ಕದಲ್ಲಿ ಗಡಿನಾಡಿನ ಪಾಲೆಷ್ಟು?

ರಾಯದುರ್ಗ: ಅನಂತಪುರ ಜಿಲ್ಲೆಯ ರಾಯದುರ್ಗ, ಬೆಳುಗುಪ್ಪ, ಉರವಕೊಂಡ ಕಡೆಯ ಬಯಲುಗಳಲ್ಲಿ ಗಾಳಿಯಂತ್ರಗಳು ಈಗ ಹೊಸ ನೋಟವೇನಲ್ಲ. ರಾಮಗಿರಿ ಗುಡ್ಡಗಳ ಮೇಲೆ 1990ರ ದಶಕದಲ್ಲೇ ರೆಕ್ಕೆಗಳು ತಿರುಗತೊಡಗಿದ್ದವು. ಬಳಿಕ ಎನ್.ಪಿ. ಕುಂಟದಲ್ಲಿ ಸೌರ ಫಲಕಗಳು ಸಾವಿರಾರು ಎಕರೆ ಹಬ್ಬಿದವು. ಮಳೆ ಕೈಕೊಟ್ಟು ಶೇಂಗಾ ಒಣಗುವ ನಾಡಿನಲ್ಲಿ ಬಿಸಿಲು ಮತ್ತು ಗಾಳಿ ಮಾತ್ರ ಧಾರಾಳ. ಈಗ ಆ ಬಿಸಿಲು, ಗಾಳಿಗೆ ಮತ್ತೊಂದು ದೊಡ್ಡ ಗಿರಾಕಿ ಬಂದಿದೆ. ಅದರ ಹೆಸರು ಹಸಿರು ಜಲಜನಕ.

ಆಂಧ್ರಪ್ರದೇಶದ ಅನಕಾಪಲ್ಲಿ ಜಿಲ್ಲೆಯ ಪೂಡಿಮಡಕದಲ್ಲಿ ಎನ್‌ಟಿಪಿಸಿ ಸಮೂಹದ ಹಸಿರು ಜಲಜನಕ ಕೇಂದ್ರಕ್ಕೆ ಪ್ರಧಾನಿ ನರೇಂದ್ರ ಮೋದಿ 2025ರ ಜನವರಿ 8ರಂದು ಶಂಕುಸ್ಥಾಪನೆ ಮಾಡಿದರು. ಅಂದಾಜು ಹೂಡಿಕೆ 1.85 ಲಕ್ಷ ಕೋಟಿ ರೂ. ದಿನಕ್ಕೆ 1,500 ಟನ್ ಜಲಜನಕ, 7,500 ಟನ್ ಮೆಥನಾಲ್, ಯೂರಿಯಾ, ವಿಮಾನ ಇಂಧನದಂಥ ಉಪ ಉತ್ಪನ್ನಗಳು ಇದರ ಗುರಿ. ಮುಖ್ಯ ಮಾರುಕಟ್ಟೆ ಹೊರದೇಶ. ಇದಕ್ಕಾಗಿ 20 ಗಿಗಾವಾಟ್ ಸೌರ, ಪವನ ವಿದ್ಯುತ್ ಸಾಮರ್ಥ್ಯ ಬೇಕೆಂದು ಯೋಜನೆಯೇ ಹೇಳುತ್ತದೆ. ಇಷ್ಟು ವಿದ್ಯುತ್ ಕಡಲ ತೀರದಲ್ಲೇ ಹುಟ್ಟುವುದಿಲ್ಲ. ಆಂಧ್ರದಲ್ಲಿ ಬಿಸಿಲು, ಗಾಳಿ ಎರಡೂ ಹೇರಳವಾಗಿರುವುದು ರಾಯಲಸೀಮೆಯಲ್ಲಿ. ಕನ್ನಡ ಮಾತಾಡುವ ಗಡಿ ಹಳ್ಳಿಗಳು ಇದೇ ಸೀಮೆಯ ಅಂಚಿನಲ್ಲಿವೆ.

ನೀರನ್ನು ಒಡೆಯುವುದೆಂದರೆ

ವಿಧಾನ ಹೊಸದಲ್ಲ. ನೀರಿಗೆ ವಿದ್ಯುತ್ ಹಾಯಿಸಿದರೆ ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆಂಬುದು 1800ರಲ್ಲೇ ತಿಳಿದಿತ್ತು. ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ಎರಡು ಕೊಳವೆಗಳಲ್ಲಿ ಗುಳ್ಳೆ ಏಳುವುದನ್ನು ಕಂಡವರಿಗೆ ಇದು ಪರಿಚಿತ. ಅದೇ ಕೆಲಸವನ್ನು ಕಾರ್ಖಾನೆಯ ಪ್ರಮಾಣದಲ್ಲಿ ಮಾಡುವ ಯಂತ್ರವೇ ಎಲೆಕ್ಟ್ರೋಲೈಸರ್. ಭಾರತಕ್ಕೂ ಇದು ಮೊದಲ ಪ್ರಯೋಗವಲ್ಲ. ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದಲ್ಲಿ ಭಾಕ್ರಾ ಅಣೆಕಟ್ಟಿನ ಅಗ್ಗದ ವಿದ್ಯುತ್ತಿನಿಂದ ನೀರನ್ನು ಒಡೆದು, ಆ ಜಲಜನಕದಿಂದ ರಸಗೊಬ್ಬರ ತಯಾರಿಸಲಾಗುತ್ತಿತ್ತು. ಮುಂದೆ ಕಾರ್ಖಾನೆ ವಿಸ್ತರಿಸಿದಾಗ ತೈಲ ಆಧಾರಿತ ವಿಧಾನ ಬಂತು. ವಿದ್ಯುತ್ ಅಗ್ಗವಾಗಿದ್ದರಷ್ಟೇ ಈ ವಿಧಾನ ಬದುಕುತ್ತದೆ ಎಂಬುದು ಅಂದಿನ ಪಾಠ. ಇಂದಿಗೂ ಅದೇ ಪಾಠ.

ಲೆಕ್ಕ ಹೀಗಿದೆ. ಒಂದು ಕೆ.ಜಿ. ಜಲಜನಕ ತೆಗೆಯಲು ಸುಮಾರು 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಯೂನಿಟ್‌ಗೆ 3 ರೂ. ಎಂದು ಹಿಡಿದರೂ ವಿದ್ಯುತ್ ಖರ್ಚೇ 150 ರೂ. ದಾಟುತ್ತದೆ. ಯಂತ್ರದ ಬಂಡವಾಳ, ಬಡ್ಡಿ, ಶೇಖರಣೆ ಬೇರೆ. ಪಾಣಿಪತ್ ರಿಫೈನರಿಗೆ ಹಸಿರು ಜಲಜನಕ ಒದಗಿಸುವ ಟೆಂಡರಿನಲ್ಲಿ 2025ರಲ್ಲಿ ಬಂದ ದರ ಕೆ.ಜಿ.ಗೆ 397 ರೂ.; ವಿಶಾಖಪಟ್ಟಣದ ರಿಫೈನರಿಗೆ ಬಂದದ್ದು 328 ರೂ. ನೈಸರ್ಗಿಕ ಅನಿಲದಿಂದ ತೆಗೆಯುವ ಮಾಮೂಲಿ ಜಲಜನಕ ಇದಕ್ಕಿಂತ ಬಹಳ ಅಗ್ಗ. ಆದರೆ ಅದರ ಪ್ರತಿ ಕೆ.ಜಿ.ಗೆ 9ರಿಂದ 10 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಮಾನದಂಡದಂತೆ ಈ ಪ್ರಮಾಣ 2 ಕೆ.ಜಿ. ಮೀರದಿದ್ದರೆ ಮಾತ್ರ ಅದು 'ಹಸಿರು'.

ಗುರಿ ದೊಡ್ಡದು, ನಡಿಗೆ ನಿಧಾನ

ರಾಷ್ಟ್ರೀಯ ಹಸಿರು ಜಲಜನಕ ಮಿಷನ್‌ಗೆ ಕೇಂದ್ರ ಸಂಪುಟ 2023ರ ಜನವರಿ 4ರಂದು ಒಪ್ಪಿಗೆ ನೀಡಿತು. ತೆಗೆದಿರಿಸಿದ ಹಣ 19,744 ಕೋಟಿ ರೂ. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆ ಗುರಿ. ಆದರೆ ಆ ಗಡುವಿಗೆ 30 ಲಕ್ಷ ಟನ್ ಮುಟ್ಟಬಹುದು ಎಂಬ ಮಾತು 2025ರಲ್ಲಿ ಸರ್ಕಾರದ ಕಡೆಯಿಂದಲೇ ಬಂದಿದೆ. ಚಾಲನೆಗೆ ಬಂದ ಘಟಕಗಳು ಚಿಕ್ಕವು. ಅಸ್ಸಾಮಿನ ಜೋರ್ಹಾಟ್‌ನಲ್ಲಿ ಆಯಿಲ್ ಇಂಡಿಯಾ 2022ರ ಏಪ್ರಿಲ್‌ನಲ್ಲಿ ಆರಂಭಿಸಿದ್ದು ದಿನಕ್ಕೆ 10 ಕೆ.ಜಿ. ಘಟಕ. ಕಾಂಡ್ಲಾ ಬಂದರಿನಲ್ಲಿ 2025ರ ಜುಲೈನಲ್ಲಿ ಆರಂಭವಾದದ್ದು ಒಂದು ಮೆಗಾವಾಟ್ ಘಟಕ. ಪೂಡಿಮಡಕದ ದಿನಕ್ಕೆ 1,500 ಟನ್ ಗುರಿಯ ಪಕ್ಕದಲ್ಲಿ ಇವನ್ನಿಟ್ಟು ನೋಡಿದರೆ ಸಾಗಬೇಕಾದ ದೂರ ಅರ್ಥವಾಗುತ್ತದೆ.

ಹಾಗೆಂದು ಇದನ್ನು ಬರೀ ಕಾಗದದ ಹುಲಿ ಎಂದು ತಳ್ಳಿಹಾಕುವಂತಿಲ್ಲ. ರಸಗೊಬ್ಬರ ಕಾರ್ಖಾನೆಗಳಿಗೆ ಹಸಿರು ಅಮೋನಿಯಾ ಪೂರೈಸಲು 2025ರಲ್ಲಿ ನಡೆದ ಹರಾಜುಗಳಲ್ಲಿ ಕೆ.ಜಿ.ಗೆ ಸುಮಾರು 50ರಿಂದ 65 ರೂ. ದರ ಬಂದಿದ್ದು, ಹಿಂದಿನ ಅಂದಾಜುಗಳಿಗಿಂತ ಸಾಕಷ್ಟು ಕಡಿಮೆ. ಜಲಜನಕ ಎಂದೊಡನೆ ಕಾರು, ರೈಲುಗಳ ಮಾತೇ ಹೆಚ್ಚು. ವಾಸ್ತವದಲ್ಲಿ ದೇಶ ಈಗ ಬಳಸುವ ಜಲಜನಕದ ಬಹುಪಾಲು ಹೋಗುವುದು ರಿಫೈನರಿ ಮತ್ತು ರಸಗೊಬ್ಬರಕ್ಕೆ. ಶೇಂಗಾ ರೈತ ಬಿತ್ತನೆ ವೇಳೆ ಸಾಲು ನಿಂತು ಒಯ್ಯುವ ಡಿಎಪಿ ಚೀಲದಲ್ಲೂ ಅಮೋನಿಯಾ ಇದೆ. ಅದರಲ್ಲಿ ದೊಡ್ಡ ಪಾಲು ಆಮದು. ಆಮದು ತಗ್ಗಿದರೆ ಹಳ್ಳಿಗೂ ಲಾಭವಿದೆ.

ನೀರಿನ ಪ್ರಶ್ನೆ

ಬರದ ಸೀಮೆಯಲ್ಲಿ ಮೊದಲು ಏಳುವ ಆತಂಕ ನೀರಿನದು. ಒಂದು ಕೆ.ಜಿ. ಜಲಜನಕಕ್ಕೆ ರಸಾಯನಶಾಸ್ತ್ರದ ಪ್ರಕಾರ 9 ಲೀಟರ್ ಶುದ್ಧ ನೀರು ಸಾಕು. ಶುದ್ಧೀಕರಣದಲ್ಲಿ ಹೋಗುವುದು, ತಂಪು ಮಾಡಲು ಬೇಕಾಗುವುದು ಸೇರಿದರೆ ಇದು 20ರಿಂದ 30 ಲೀಟರಿಗೂ ಏರಬಹುದು. ದಿನಕ್ಕೆ 1,500 ಟನ್ ಎಂದರೆ ಕನಿಷ್ಠ 1.35 ಕೋಟಿ ಲೀಟರ್; ಪೂರ್ತಿ ಲೆಕ್ಕದಲ್ಲಿ 3 ಕೋಟಿ ಲೀಟರಿಗೂ ಮೇಲೆ.

ಕಡಲ ತೀರದಲ್ಲಿ ಇದಕ್ಕೆ ಪರಿಹಾರವಿದೆ. ಸಮುದ್ರದ ಸಾವಿರ ಲೀಟರ್ ನೀರನ್ನು ಸಿಹಿ ಮಾಡಲು 3ರಿಂದ 4 ಯೂನಿಟ್ ಸಾಕು. ಒಂದು ಕೆ.ಜಿ. ಜಲಜನಕಕ್ಕೆ 50 ಯೂನಿಟ್ ಸುರಿಯುವ ಕಾರ್ಖಾನೆಗೆ ಅದರ ಪಾಲಿನ ಖರ್ಚು ಯೂನಿಟ್‌ನ ಹತ್ತನೇ ಒಂದರಷ್ಟು. ಒಳನಾಡಿನ ಸ್ಥಿತಿ ಬೇರೆ. ರಾಯದುರ್ಗದ ಕಡೆ ತುಂಗಭದ್ರಾ ಮೇಲ್ದಂಡೆ ಕಾಲುವೆಯೇ ಆಧಾರ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಈ ಭಾಗದ ರೈತರ ಎದೆ ಒಡೆದದ್ದು ಸುಮ್ಮನೆ ಅಲ್ಲ. ಮಡಕಶಿರಾ ಕಡೆಯವರು ಹಂದ್ರಿ-ನೀವಾ ಕಾಲುವೆಯ ದಾರಿ ಕಾಯುತ್ತಾರೆ. ಇಂಥ ಕಡೆ ಜಲಜನಕ ಘಟಕ ಬಂದರೆ ಅದು ಯಾರ ಪಾಲಿನ ನೀರು ಎಂಬ ಪ್ರಶ್ನೆ ಏಳದೆ ಇರದು. ಹೀಗಾಗಿ ಒಳನಾಡಿನಲ್ಲಿ ವಿದ್ಯುತ್, ತೀರದಲ್ಲಿ ಜಲಜನಕ ಎಂಬ ಹಂಚಿಕೆ ನೀರಿನ ದೃಷ್ಟಿಯಿಂದ ಸರಿಯೇ.

ಉಳಿಯುವುದು ಏನು?

ಆದರೆ ಈ ಹಂಚಿಕೆಯಲ್ಲಿ ಕಾರ್ಖಾನೆ, ಬಂದರು, ಕಾಯಂ ಉದ್ಯೋಗ ತೀರಕ್ಕೆ. ಒಳನಾಡಿಗೆ ಉಳಿಯುವುದು ಭೂಮಿಯ ಗುತ್ತಿಗೆ ಹಣ ಮತ್ತು ಕೆಲವು ಕಾವಲುಗಾರರ ಕೆಲಸ. ಒಂದು ಮೆಗಾವಾಟ್ ಸೌರ ವಿದ್ಯುತ್‌ಗೆ ನಾಲ್ಕರಿಂದ ಐದು ಎಕರೆ ಬೇಕು. ಗುತ್ತಿಗೆ ಹಣ ಸೇರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಪಾಲಿಗೆ ಮಾಡುವ ರೈತನ ಹೆಸರು ಅಲ್ಲಿರುವುದಿಲ್ಲ. ಬೀಳು ಭೂಮಿಯಲ್ಲಿ ಮಂದೆ ಮೇಯಿಸುವ ಕುರಿಗಾಹಿಯದಂತೂ ಇಲ್ಲವೇ ಇಲ್ಲ. ಕಾಗದದಲ್ಲಿ 'ಬಂಜರು' ಎಂದಿರುವ ನೆಲ ಅವನ ಪಾಲಿಗೆ ಹುಲ್ಲುಗಾವಲು. ತಂತಿಬೇಲಿ ಬಿದ್ದ ಮೇಲೆ ಅವನು ಎಲ್ಲಿಗೆ ಹೋಗಬೇಕು?

ಹೇಳಿಕೊಳ್ಳುವ ವೇದಿಕೆಯೂ ಕಿರಿದಾಗಿದೆ. ಸೌರ, ಪವನ ವಿದ್ಯುತ್ ಘಟಕಗಳಿಗೆ ಪರಿಸರ ಪೂರ್ವಾನುಮತಿ ಬೇಕಿಲ್ಲ. ಹಾಗಾಗಿ ಅದರ ಅಂಗವಾದ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಹಸಿರು ಜಲಜನಕ, ಹಸಿರು ಅಮೋನಿಯಾ ಘಟಕಗಳಿಗೂ ಕೇಂದ್ರ 2023ರ ಜುಲೈನಲ್ಲಿ ಇದೇ ವಿನಾಯಿತಿ ಕೊಟ್ಟಿದೆ. ಉಳಿದದ್ದು ಗ್ರಾಮಸಭೆ ಮಾತ್ರ. ಅಲ್ಲಿ ಗುತ್ತಿಗೆ ಪತ್ರದ ಷರತ್ತುಗಳನ್ನು ಜನ ಓದಬಲ್ಲ ಭಾಷೆಯಲ್ಲಿ ವಿವರಿಸುವುದು ಅತ್ಯಗತ್ಯ. ಕನ್ನಡ ಶಾಲೆಯಲ್ಲಿ ಕಲಿತ ಗಡಿ ಹಳ್ಳಿಯ ರೈತನಿಗೆ ಇಪ್ಪತ್ತೈದು, ಮೂವತ್ತು ವರ್ಷದ ಒಪ್ಪಂದ ಕನ್ನಡದಲ್ಲಿ ತಿಳಿಯಬೇಡವೇ? ಗುತ್ತಿಗೆ ದರ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಕಂಪನಿ ಕೈಬಿಟ್ಟರೆ ಫಲಕ, ಕಾಂಕ್ರೀಟು ತೆಗೆಯುವವರು ಯಾರು ಎಂಬುದು ಸಹಿಗೆ ಮುನ್ನವೇ ಗೊತ್ತಾಗಬೇಕು.

ಈ ಪ್ರಶ್ನೆಗೆ ಹಿನ್ನೆಲೆಯೂ ಇದೆ. 2019ರಲ್ಲಿ ಆಂಧ್ರ ಸರ್ಕಾರ ಸೌರ, ಪವನ ವಿದ್ಯುತ್ ಖರೀದಿ ಒಪ್ಪಂದಗಳ ಮರುಪರಿಶೀಲನೆಗೆ ಇಳಿಯಿತು. ಒಪ್ಪಂದದ ದರವನ್ನೇ ಕೊಡಬೇಕೆಂದು ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ಹೇಳುವ ತನಕ ಕಂಪನಿಗಳಿಗೆ ಪೂರ್ತಿ ಹಣ ಸಿಗಲಿಲ್ಲ. ದೊಡ್ಡ ಕಂಪನಿಗಳಿಗಾದರೆ ವಕೀಲರಿದ್ದಾರೆ, ಕೋರ್ಟಿದೆ. ಎರಡೆಕರೆ ಗುತ್ತಿಗೆ ಕೊಟ್ಟವನಿಗೆ ಅಂಥ ಗಟ್ಟಿ ಆಸರೆ ಎಲ್ಲಿದೆ?

2024ರ ಅಕ್ಟೋಬರ್‌ನ ಹೊಸ ಇಂಧನ ನೀತಿಯಲ್ಲಿ ಆಂಧ್ರ ಸರ್ಕಾರ 10 ಲಕ್ಷ ಕೋಟಿ ರೂ. ಹೂಡಿಕೆಯ ಗುರಿ ಇಟ್ಟುಕೊಂಡಿದೆ. ಅದರಲ್ಲಿ ಒಂದು ಅಂಶವಾದರೂ ವಿದ್ಯುತ್ ಹುಟ್ಟುವ ಊರಿಗೆ ಮರಳಬೇಕು. ಮಡಕಶಿರಾ, ಹಿಂದೂಪುರಗಳಿಗೆ ಹತ್ತಿರದ ದೊಡ್ಡಬಳ್ಳಾಪುರದಲ್ಲಿ ಎಲೆಕ್ಟ್ರೋಲೈಸರ್ ತಯಾರಿಸುವ ಕಾರ್ಖಾನೆಯೇ ಇದೆ. ಗಡಿಯ ಐಟಿಐ, ಪಾಲಿಟೆಕ್ನಿಕ್ ಹುಡುಗರಿಗೆ ಅಂಥ ಕೆಲಸದ ತರಬೇತಿ ಕೊಡುವುದು ಎರಡೂ ಸರ್ಕಾರಗಳಿಗೆ ಕಷ್ಟದ ಮಾತಲ್ಲ. ಗುತ್ತಿಗೆಯಲ್ಲಿ ಪಾಲು ರೈತರಿಗೆ, ಕುರಿಗಾಹಿಗಳಿಗೆ ಒಂದು ಭಾಗ, ಫಲಕಗಳ ನಡುವೆ ಮೇವಿಗೆ ಅವಕಾಶ, ಫಲಕ ತೊಳೆಯುವ ನೀರಿಗೆ ಬೋರ್‌ವೆಲ್ ಬದಲು ಬೇರೆ ಏರ್ಪಾಟು: ಇವು ದೊಡ್ಡ ಬೇಡಿಕೆಗಳಲ್ಲ.

ತಂತಿಯ ಮೇಲೆ ವಿದ್ಯುತ್ ನೂರಾರು ಕಿಲೋಮೀಟರ್ ಹೋಗಿ ಜಲಜನಕವಾಗಿ, ಹಡಗು ಹತ್ತಿ ಹೊರದೇಶ ಸೇರಬಹುದು. ಬಿಸಿಲು ಕಾಯುವ ನೆಲ ಮಾತ್ರ ಇಲ್ಲೇ ಇರುತ್ತದೆ, ಅದರ ಮೇಲೆ ಬದುಕುವ ಜನವೂ ಇಲ್ಲೇ ಇರುತ್ತಾರೆ. ಇಂಧನ ಹಸಿರೋ ಅಲ್ಲವೋ ಎಂದು ಅಳೆಯಲು ಕೇಂದ್ರ 2 ಕೆ.ಜಿ.ಯ ಮಾನದಂಡ ಇಟ್ಟಿದೆ. ಅದು ನ್ಯಾಯವೋ ಅಲ್ಲವೋ ಎಂದು ಅಳೆಯುವ ಮಾನದಂಡವನ್ನು ಗ್ರಾಮಸಭೆಗಳೇ ಕೇಳಿ ಪಡೆಯಬೇಕಾಗಿದೆ.