ಕೊಡುತ್ತೇನೆಂದ ನಿಯಮದ ಹಾಳೆ ಎಲ್ಲಿ?

ನಮ್ಮ ಭಾಗದ ಮಕ್ಕಳ ಫುಟ್‌ಬಾಲ್ ಟೂರ್ನಿಯ ಮುಖ್ಯ ಸಂಘಟಕರಿಗೆ,

ಅಟ್ಟೂರು ಬಡಾವಣೆಯ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವವನು ನಾನು. ಟೂರ್ನಿ ನಡೆಸುವ ನಿಮ್ಮ ಶ್ರಮದ ಬಗ್ಗೆ ಗೌರವವಿದೆ. ಆದರೆ ಕೊಟ್ಟ ಮನವಿಗೆ ಉತ್ತರವಿಲ್ಲ, ಫೋನೂ ಎತ್ತುತ್ತಿಲ್ಲ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಸೆಮಿಫೈನಲ್‌ನಲ್ಲಿ ಆದದ್ದು ಯಲಹಂಕದ ಕಡೆಯವರಿಗೆಲ್ಲ ಗೊತ್ತು. ನಮ್ಮ ಗೋಲ್‌ಕೀಪರ್ ಹುಡುಗ ಗೋಲ್ ಕಿಕ್ಕನ್ನು ಪೆನಾಲ್ಟಿ ಪ್ರದೇಶದೊಳಗೇ ನಿಂತಿದ್ದ ಡಿಫೆಂಡರ್‌ಗೆ ಕೊಟ್ಟ. ರೆಫರಿ ಸೀಟಿ ಊದಿ, ಚೆಂಡು ಆ ಪ್ರದೇಶದ ಗೆರೆ ದಾಟಲೇಬೇಕು ಎಂದರು. ಮತ್ತೆ ಹಾಗೇ ಆಡಿದಾಗ ಗದರಿದರು. ಹೆದರಿದ ಹುಡುಗ ಮುಂದಕ್ಕೆ ಒದ್ದ, ಚೆಂಡು ಎದುರಾಳಿಗೆ ಸಿಕ್ಕಿತು, ಗೋಲಾಯಿತು, ನಾವು ಸೋತೆವು.

ರೆಫರಿ ಹೇಳಿದ್ದು ಹಳೆಯ ನಿಯಮ. 2019ರ ಜೂನ್ 1ರಿಂದ, ಗೋಲ್ ಕಿಕ್ ಒದ್ದಾಗ ಚೆಂಡು ಸ್ಪಷ್ಟವಾಗಿ ಕದಲಿದರೆ ಸಾಕು, ಆಟ ಶುರು. ಅಲ್ಲಿಯವರೆಗೆ ಎದುರಾಳಿಗಳು ಪೆನಾಲ್ಟಿ ಪ್ರದೇಶದ ಹೊರಗಿರಬೇಕು. ಇದರಿಂದ ಎಳೆಯರಿಗೇ ಹೆಚ್ಚು ಅನುಕೂಲ. ದೂರ ಒದೆಯುವಷ್ಟು ಕಸುವಿಲ್ಲದವರೂ ಹತ್ತಿರದ ಪಾಸಿನಿಂದ ಆಟ ಕಟ್ಟಬಹುದು. ನಾನು ಅಭ್ಯಾಸ ಮಾಡಿಸಿದ್ದು ಅದನ್ನೇ. ಚಿಕ್ಕವರಿಗಾಗಿ ಮೈದಾನದ ಅಳತೆ, ಚೆಂಡಿನ ಗಾತ್ರ, ಆಟದ ಅವಧಿ ಬದಲಿಸುವುದುಂಟು, ಒಪ್ಪುತ್ತೇನೆ. ಬೇರೇನಾದರೂ ಬದಲಿಸಿದ್ದರೆ ಮೊದಲೇ ತಿಳಿಸಬೇಕಿತ್ತಲ್ಲವೇ?

ತಿಳಿಸುತ್ತೇನೆ ಎಂದವರೇ ನೀವು. ಶುಲ್ಕ ಕಟ್ಟಿಸಿಕೊಂಡ ದಿನ, ಟೂರ್ನಿಗೆ ಮುಂಚೆ ಕೋಚ್‌ಗಳನ್ನೂ ರೆಫರಿಗಳನ್ನೂ ಒಟ್ಟಿಗೆ ಕೂರಿಸಿ ನಿಯಮ ವಿವರಿಸುತ್ತೇವೆ, ಕನ್ನಡದಲ್ಲಿ ಹಾಳೆ ಅಚ್ಚು ಹಾಕಿಸಿ ಕೊಡುತ್ತೇವೆ ಎಂದಿರಿ. ಸಭೆ ನಡೆಯಲಿಲ್ಲ. ಹಾಳೆ ಬರಲಿಲ್ಲ. ಪಂದ್ಯದ ನಂತರ ನಿಯಮ ಪುಸ್ತಕ ಹಿಡಿದು ಬಂದರೆ, "ಮಕ್ಕಳ ಆಟಕ್ಕೆ ಇಷ್ಟೊಂದು ರೂಲ್ಸ್ ಯಾಕ್ರೀ?" ಎಂದು ನನ್ನ ಹುಡುಗರ ಮುಂದೆಯೇ ನಕ್ಕಿರಿ. ವಾರಗಟ್ಟಲೆ ಬೆಳಗಿನ ಜಾವ ಎದ್ದು ಬಂದು ಕಲಿತ ಮಕ್ಕಳು ಅವರು!

ರೆಫರಿಯನ್ನು ದೂರುವುದಿಲ್ಲ. ಅವರಿಗೂ ಯಾರೂ ಹೇಳಿಕೊಟ್ಟಿಲ್ಲ. ಇನ್‌ಡೈರೆಕ್ಟ್ ಫ್ರೀ ಕಿಕ್‌ಗೆ ರೆಫರಿ ಕೈ ಎತ್ತದಿದ್ದರೆ ನೇರ ಗೋಲಿಗೆ ಒದೆಯಬಹುದೋ ಬಾರದೋ ಮಕ್ಕಳಿಗೆ ತಿಳಿಯುವುದು ಹೇಗೆ? ಕಾರ್ನರ್ ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ, ಅದಕ್ಕೂ ಬಾವುಟ ಎದ್ದಿತು. ವ್ಯವಸ್ಥೆಯೂ ಅಷ್ಟೇ: ಕುಡಿಯಲು ನೀರಿರಲಿಲ್ಲ. ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಮರೆಯಿರಲಿಲ್ಲ. ಫ್ಲೆಕ್ಸಿಗೆ, ಹಾರ ತುರಾಯಿಗೆ ಮಾತ್ರ ದುಡ್ಡಿತ್ತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಅಹಮದ್ ಖಾನ್, ರಾಮನ್ ಅವರಂಥ ಆಟಗಾರರನ್ನು ಕಳಿಸಿದ ಊರಿನಲ್ಲಿ ಒಂದು ಹಾಳೆ ಅಚ್ಚಾಗುವುದಿಲ್ಲವೇ?

ನಿಯಮ ವಿವರಿಸುವ ಆ ಸಭೆಯ ದಿನಾಂಕವನ್ನು ಬರವಣಿಗೆಯಲ್ಲಿ ತಿಳಿಸಿ. ನಮ್ಮ ಹುಡುಗ ಒದ್ದದ್ದು ಸರಿಯಾಗಿತ್ತೆಂದು ಅವನಿಗೆ ನೀವೇ ಬಂದು ಹೇಳಿ. ಅಲ್ಲಿಯವರೆಗೆ ನಮ್ಮ ತಂಡ ನಿಮ್ಮ ಟೂರ್ನಿಗೆ ಶುಲ್ಕ ಕಟ್ಟುವುದಿಲ್ಲ.

ಇತಿ,
ಅಟ್ಟೂರಿನ ಒಬ್ಬ ಕೋಚ್