ಅಂಗಳದ ಜಾತ್ರೆ ಮತ್ತು ಬಚ್ಚಲ ಒಲೆ

ಮಗುವಿನ ಹುಟ್ಟುಹಬ್ಬದ ಮರುದಿನ ಬೆಳಿಗ್ಗೆ ಮಲೆನಾಡಿನ ಹಲವು ಮನೆಗಳ ಬಚ್ಚಲ ಒಲೆಯಲ್ಲಿ ಅಡಿಕೆ ಸಿಪ್ಪೆಯ ಜೊತೆಗೆ ಬೇರೇನೋ ಉರಿಯುತ್ತಿರುತ್ತದೆ. ಹಿಂದಿನ ಸಂಜೆ ಗೋಡೆಗೆ ಅಂಟಿಸಿದ್ದ ಹೊಳೆಯುವ ಪರದೆ, ಥರ್ಮಾಕೋಲಿನ ಅಕ್ಷರಗಳು, ಒಡೆದ ಬಲೂನುಗಳು, ಕೇಕಿನ ಪೆಟ್ಟಿಗೆ, ತೆಳು ಲೋಟಗಳು. ಪೇಟೆಯಲ್ಲಾದರೆ ಕಸದ ಗಾಡಿ ಬಾಗಿಲಿಗೆ ಬರುತ್ತದೆ. ಗುಡ್ಡದ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ ಇರುವ ಊರಿನಲ್ಲಿ ಪಂಚಾಯಿತಿಯ ಗಾಡಿ ಪ್ರತಿ ಮನೆಯ ದಣಪೆಯವರೆಗೂ ಬರುವುದು ಸುಲಭವಲ್ಲ. ಆಗ ಕಸಕ್ಕೆ ಉಳಿಯುವ ದಾರಿ ಮೂರೇ: ಒಲೆ, ಹಳ್ಳ, ಇಲ್ಲವೇ ಬೇಲಿಯಾಚೆಯ ಕಾನು.

ಥರ್ಮಾಕೋಲ್ ಎಂದರೆ ಗಾಳಿ ತುಂಬಿ ಉಬ್ಬಿಸಿದ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಅದು ಉರಿದರೆ ದಟ್ಟ ಕಪ್ಪು ಮಸಿಯೂ ಸ್ಟೈರೀನಿನ ಆವಿಯೂ ಹೊರಡುತ್ತವೆ. ಅಲಂಕಾರದ ಸಾಮಗ್ರಿಯಲ್ಲಿ ಪಿವಿಸಿ ಇದ್ದರಂತೂ ಹೈಡ್ರೋಜನ್ ಕ್ಲೋರೈಡ್ ಅನಿಲದೊಂದಿಗೆ ಡಯಾಕ್ಸಿನ್ ಎಂಬ ವಿಷಗಳೂ ಹುಟ್ಟುತ್ತವೆ. ಹುಟ್ಟುಹಬ್ಬದ ಮಗುವಿನ ಸ್ನಾನಕ್ಕೆ ನೀರು ಕಾಯುವುದು ಅದೇ ಒಲೆಯಲ್ಲಿ. ಒಲೆಯ ಬೂದಿ ಗೊಬ್ಬರದ ಗುಂಡಿಗೆ, ಗುಂಡಿಯ ಗೊಬ್ಬರ ತೋಟಕ್ಕೆ. ಮೂರು ತಾಸಿನ ಸಂತೋಷದ ಲೆಕ್ಕ ಹೀಗೆ ಮಣ್ಣಿನವರೆಗೂ ಬೆಳೆಯುತ್ತದೆ.

ಮಕ್ಕಳ ಹುಟ್ಟುಹಬ್ಬವನ್ನು ಆಚರಿಸಬಾರದೆಂದು ಹೇಳುವುದು ಸಲ್ಲದು. ಮಗು ಸಂಭ್ರಮಪಡಬೇಕು, ಊರು ಅದರೊಂದಿಗೆ ಸಂಭ್ರಮಪಡಬೇಕು. ಪ್ರಶ್ನೆ ಇಷ್ಟೇ: ಆ ಸಂಭ್ರಮವನ್ನು ಕಟ್ಟುವವರು ಯಾರು? ಮನೆಯವರೋ, ಪೇಟೆಯ ಅಂಗಡಿಯೋ?

ಪೆಟ್ಟಿಗೆಯಲ್ಲಿ ಬಂದ ಕಾರ್ನಿವಲ್

ಪೇಟೆಯ ಅಂಗಡಿಗಳಲ್ಲಿ ಈಗ ಹುಟ್ಟುಹಬ್ಬಕ್ಕೊಂದು ‘ಥೀಮ್’ ದೊರೆಯುತ್ತದೆ. ಕಾಡಿನ ಥೀಮ್, ಸಮುದ್ರದ ಥೀಮ್, ಕಾರ್ನಿವಲ್ ಥೀಮ್. ಕಾರ್ನಿವಲ್ ಎಂದರೆ ಕೆಂಪು ಬಿಳಿ ಪಟ್ಟೆಯ ಪ್ಲಾಸ್ಟಿಕ್ ಹಾಳೆ, ವಿದೂಷಕನ ಮುಖವಾಡ, ಬಲೂನುಗಳ ಕಮಾನು, ಕಾಗದದ ಡಬ್ಬಿಯಲ್ಲಿ ಅರಳಿದ ಜೋಳ. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಹಣ ಕೊಟ್ಟು ತಂದು ತೂಗುಹಾಕಿದರೆ ಮುಗಿಯಿತು.

ಕಾರ್ನಿವಲ್ ಎಂಬುದು ಮೂಲತಃ ಕ್ರೈಸ್ತರ ಹಬ್ಬ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸದ ಕಾಲ ಆರಂಭವಾಗುವ ಮೊದಲು ಉಂಡು, ಕುಣಿದು, ವೇಷ ಹಾಕಿ ನಲಿಯುವ ದಿನಗಳವು. ಉತ್ತರ ಕನ್ನಡದ ಗಡಿಯಾಚೆ, ಗೋವೆಯಲ್ಲಿ, ಅದು ಇಂದಿಗೂ ಜೀವಂತವಾಗಿದೆ. ಅಲ್ಲಿ ಮೊಮೊ ಎಂಬ ವೇಷದ ರಾಜ ಮೆರವಣಿಗೆಯ ಮುಂದೆ ಸಾಗುತ್ತಾನೆ. ಅಮೆರಿಕದಲ್ಲಿ ಊರಿಂದೂರಿಗೆ ಸಂಚರಿಸುವ ಆಟದ ಮೇಳಗಳಿಗೂ ಇದೇ ಹೆಸರು ಬಂದಿತು. 1893ರಲ್ಲಿ ಶಿಕಾಗೋ ನಗರದ ಮಹಾಪ್ರದರ್ಶನದಲ್ಲಿ ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್ ಸುಮಾರು 264 ಅಡಿ ಎತ್ತರದ ಉಕ್ಕಿನ ಚಕ್ರ ನಿಲ್ಲಿಸಿದ ಮೇಲೆ ಅಂಥ ಚಕ್ರ ಈ ಮೇಳಗಳ ಗುರುತೇ ಆಯಿತು. ಹುಟ್ಟುಹಬ್ಬದ ಪೆಟ್ಟಿಗೆಯ ಮೇಲೆ ಮುದ್ರಿತವಾಗಿರುವುದು ಆ ಚಕ್ರದ ಚಿತ್ರ.

ಮಲೆನಾಡಿನ ಮಗುವಿಗೆ ಆ ಚಕ್ರ ಅಪರಿಚಿತವಲ್ಲ. ಅದರ ಬಾಯಲ್ಲಿ ಅದು ತೊಟ್ಟಿಲು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆಯಲ್ಲಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ಅದನ್ನು ಕಂಡ ಮಗುವೇ ಇದು. ಬೆಂಡು ಬತ್ತಾಸಿನ ರಾಶಿ, ಬಳೆ ಎಸೆದು ಸಾಬೂನು ಗೆಲ್ಲುವ ಅಂಗಡಿ, ಬಿದಿರ ಪೀಪಿ, ಬಣ್ಣದ ಗಿರಗಟ್ಟೆ ಇವೆಲ್ಲ ಅದರ ನೆನಪಿನಲ್ಲಿವೆ. ಹೀಗಿರುವಾಗ ಐದು ತುಂಬಿದ ಮಗು ತನ್ನ ಹುಟ್ಟುಹಬ್ಬಕ್ಕೆ ಕಾರ್ನಿವಲ್ ಬೇಕೆಂದು ಹಟ ಹಿಡಿದರೆ ಗಾಬರಿಯಾಗಬೇಕಿಲ್ಲ. ಅದು ಕೇಳುತ್ತಿರುವುದು ಜಾತ್ರೆಯನ್ನೇ. ಜಾತ್ರೆ ಕಟ್ಟುವುದು ಮಲೆನಾಡಿಗರಿಗೆ ಹೊಸ ವಿದ್ಯೆಯೇನಲ್ಲ.

ಅಂಗಳದಲ್ಲಿ ಆರು ಅಂಗಡಿ

ಮನೆಯ ಅಂಗಳದ ಜಾತ್ರೆಗೆ ಆರು ಅಂಗಡಿ ಸಾಕು. ಐದು ವರ್ಷದ ಮಕ್ಕಳ ಉತ್ಸಾಹಕ್ಕೆ ಎರಡು ತಾಸು ಧಾರಾಳವಾಯಿತು.

ಮೊದಲನೆಯದು ಹಾಳೆಬಂಡಿ. ಬಿದ್ದ ಅಡಿಕೆಯ ಸೋಗೆಯ ಅಗಲವಾದ ಹಾಳೆಯ ಮೇಲೆ ಮಗುವನ್ನು ಕೂರಿಸಿ, ಇನ್ನೊಂದು ತುದಿ ಹಿಡಿದು ದೊಡ್ಡ ಮಕ್ಕಳು ಎಳೆಯುವುದು. ಈ ಸವಾರಿಯ ಮುಂದೆ ಬೆಲೆಬಾಳುವ ಆಟದ ಕಾರು ಸಪ್ಪೆಯೆನಿಸುತ್ತದೆ. ಎರಡನೆಯದು ಕಾಡುಬಳ್ಳಿಯನ್ನು ಸುತ್ತಿ ಮಾಡಿದ ಬಳೆಗಳನ್ನು ನೆಟ್ಟ ಗೂಟಕ್ಕೆ ಎಸೆಯುವ ಆಟ. ಮೂರನೆಯದು ತೆಂಗಿನ ಗರಟೆಗಳನ್ನು ಒಂದರ ಮೇಲೊಂದು ಪೇರಿಸಿ ಬಟ್ಟೆಯ ಚೆಂಡಿನಿಂದ ಬೀಳಿಸುವ ಲಗೋರಿ. ನಾಲ್ಕನೆಯದು ತೆಂಗಿನ ಗರಿಯ ಅಂಗಡಿ: ಅಲ್ಲಿ ಅಜ್ಜ ಕುಳಿತು ಗಿರಗಟ್ಟೆ, ಹಾವು, ಕೈಗಡಿಯಾರ, ಪೀಪಿ ಹೆಣೆದು ಕೊಡಬೇಕು. ಐದನೆಯದು ವೇಷದ ಅಂಗಡಿ: ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಜೋಡಿಸಿದ ಕಿರೀಟ, ಹಾಳೆಯ ಟೊಪ್ಪಿ, ಹಳೆಯ ಸೀರೆಯ ಸೆರಗು. ಬಣ್ಣಕ್ಕೆ ಅರಿಶಿನವಿದೆ, ಅದಕ್ಕೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಸುಣ್ಣ ಸುಡುವುದರಿಂದ ಆ ಕೆಂಪನ್ನು ಮಕ್ಕಳ ಮುಖಕ್ಕೆ ಹಚ್ಚದೆ ಟೊಪ್ಪಿ ಕಿರೀಟಗಳಿಗಷ್ಟೇ ಬಳಸಬೇಕು. ಬಸಳೆಯ ಹಣ್ಣು ನೇರಳೆ ಬಣ್ಣ ಕೊಡುತ್ತದೆ. ತೇಗದ ಎಳೆ ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ರಕ್ತದಂಥ ಕೆಂಪು. ಆ ಕೆಂಪು ಕಂಡ ಮಕ್ಕಳು ಕೇಕನ್ನು ಮರೆತಾರು.

ಆರನೆಯದು ತಿನಿಸಿನ ಅಂಗಡಿ. ಮಂಡಕ್ಕಿ, ಬೆಂಡು ಬತ್ತಾಸು, ಮುರುಗಲ ಹಣ್ಣಿನ ಪಾನಕ, ಹಲಸಿನ ಕಾಲವಾದರೆ ಬಾಳೆ ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಕಡುಬು. ಬಡಿಸುವುದು ಬಾಳೆ ಎಲೆಯ ತುಂಡಿನಲ್ಲಿ, ಕುಡಿಯುವುದು ಸ್ಟೀಲ್ ಲೋಟದಲ್ಲಿ. ಒಂದೊಂದು ಅಂಗಡಿಗೂ ಟಿಕೇಟು ಬೇಕಲ್ಲವೇ? ತೂತು ಹಾಕಿದ ಹಲಸಿನ ಎಲೆಯೇ ಟಿಕೇಟು, ಅದೇ ಜಾತ್ರೆಯ ನಾಣ್ಯ. ಬಂದ ಪ್ರತಿ ಮಗುವಿನ ಕೈಗೂ ಆರೇ ಎಲೆ, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.

ಎಚ್ಚರವೂ ಇರಬೇಕು. ಕಾಡಿನಿಂದ ಬಂದುದೆಲ್ಲ ಮಗುವಿಗೆ ಹಿತವೆಂಬ ಭ್ರಮೆ ಬೇಡ. ಗುಲಗಂಜಿ ನೋಡಲು ಚೆಲುವು. ಅಗಿದು ನುಂಗಿದರೆ ಪ್ರಾಣಾಂತಿಕ ವಿಷ. ಅದನ್ನು ನಾಣ್ಯವಾಗಿಯೂ ಅಲಂಕಾರವಾಗಿಯೂ ಬಳಸಕೂಡದು. ನಾಲ್ಕು ವರ್ಷ ತುಂಬದ ಮಕ್ಕಳಿಗೆ ಇಡಿಯ ಶೇಂಗಾ, ಅರಳಿದ ಜೋಳ ಕೊಟ್ಟರೆ ಉಸಿರುನಾಳದಲ್ಲಿ ಸಿಲುಕುವ ಭಯವಿದೆ. ಇದೇ ಭಯ ಬಲೂನಿನದೂ ಹೌದು. ಒಡೆದ ಬಲೂನಿನ ಚೂರು ಮಗುವಿನ ಗಂಟಲಿಗೆ ಇಳಿದರೆ ಅಲ್ಲಿಯ ಆಕಾರಕ್ಕೇ ಅಂಟಿಕೊಂಡು ಉಸಿರು ಕಟ್ಟಿಸುತ್ತದೆ, ಕೆಮ್ಮಿದರೂ ಹೊರಬಾರದು. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ 1824ರಲ್ಲಿ ರಬ್ಬರ್ ಬಲೂನನ್ನು ಮೊದಲಿಗೆ ತಯಾರಿಸಿದ್ದು ಜಲಜನಕದ ಪ್ರಯೋಗಕ್ಕಾಗಿ. ಅದು ಮಗುವಿನ ಹುಟ್ಟುಹಬ್ಬದ ಅನಿವಾರ್ಯ ಅಂಗವಾದದ್ದು ಬಹಳ ಈಚಿನ ಸಂಗತಿ. ರಬ್ಬರ್ ಮರದ ಹಾಲಿನಿಂದ ಆದದ್ದರಿಂದ ಅದು ಮಣ್ಣಿನಲ್ಲಿ ಕರಗುತ್ತದೆಂಬ ಸಮಾಧಾನವನ್ನು ಅಂಗಡಿಯವರು ಹೇಳುವುದುಂಟು. ಗಂಧಕ, ಬಣ್ಣ, ಇತರ ರಾಸಾಯನಿಕ ಬೆರೆಸಿ ಹದಗೊಳಿಸಿದ ರಬ್ಬರ್ ಅಷ್ಟು ಬೇಗ ಕರಗುವುದಿಲ್ಲ. ಅದಕ್ಕೂ ಮೊದಲೇ ಅದು ಮೇಯುವ ದನದ ಹೊಟ್ಟೆ ಸೇರಬಹುದು.

ಕಾನೂನು ಇದೆ, ಆದರೆ

ನಿಷೇಧಕ್ಕೆ ಕೊರತೆಯಿಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿಯೇ ಪ್ಲಾಸ್ಟಿಕ್ ತಟ್ಟೆ, ಲೋಟ, ತೋರಣ, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರದ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂದಿತು. ಅದರ ಪಟ್ಟಿಯಲ್ಲಿ ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಬಾವುಟ, ಅಲಂಕಾರದ ಥರ್ಮಾಕೋಲ್, ತಟ್ಟೆ, ಲೋಟ, ಚಮಚ, ಹೀರುಗೊಳವೆ, ಮಿಠಾಯಿ ಪೆಟ್ಟಿಗೆಗೆ ಸುತ್ತುವ ತೆಳುಹಾಳೆ ಎಲ್ಲವೂ ಇವೆ. ಓದಿದರೆ ಹುಟ್ಟುಹಬ್ಬದ ಸಾಮಾನಿನ ಚೀಟಿಯಂತೆಯೇ ತೋರುತ್ತದೆ. ಆದರೆ ಬಲೂನು ಆ ಪಟ್ಟಿಯಲ್ಲಿಲ್ಲ, ಹೊಳೆಯುವ ಪರದೆಯೂ ಇಲ್ಲ. ಪಟ್ಟಿಯಲ್ಲಿರುವುದೂ ಅಂಗಡಿಯಲ್ಲಿ ಸಿಗುತ್ತಲೇ ಇದೆ. ಕಾನೂನು ತಡೆಯದ್ದನ್ನು ಮನೆಯ ನಿರ್ಧಾರ ತಡೆಯಬಲ್ಲದು. ಆ ನಿರ್ಧಾರಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಎರಡು ಆಕ್ಷೇಪಗಳು

ಇದಕ್ಕೆ ಬರುವ ಮೊದಲ ಆಕ್ಷೇಪ ಸಮಯದ್ದು. ಕೊಯ್ಲಿನ ದಿನಗಳಲ್ಲಿ, ಕೂಲಿಗೆ ಹೋಗುವ ಮನೆಗಳಲ್ಲಿ, ತಾಯಿಗೆ ಇನ್ನೊಂದು ಹೊರೆ ಏಕೆ? ಈ ಆಕ್ಷೇಪ ನ್ಯಾಯವಾದದ್ದು. ‘ಮನೆಯಲ್ಲೇ ಮಾಡಿದ್ದು’ ಎಂಬ ಹೆಮ್ಮೆಯ ಮಾತಿನ ಹಿಂದೆ ಬಹುತೇಕ ಒಬ್ಬ ಹೆಂಗಸಿನ ಬೆನ್ನುನೋವು ಅಡಗಿರುತ್ತದೆ. ಪರಿಸರದ ಹೆಸರಿನಲ್ಲಿ ಅಡುಗೆಮನೆಯ ಕೆಲಸವನ್ನು ಇಮ್ಮಡಿಸುವುದು ಚಳವಳಿಯಾಗದು. ಜಾತ್ರೆಯನ್ನು ಯಾವ ಊರಿನಲ್ಲೂ ಒಬ್ಬರೇ ಕಟ್ಟುವುದಿಲ್ಲ; ಅಂಗಳದ ಜಾತ್ರೆಗೂ ಅದೇ ನಿಯಮ ಸಲ್ಲಬೇಕು. ಗರಿ ಹೆಣೆಯಲು ಅಜ್ಜ, ಗೂಟ ನೆಡಲು ಅಪ್ಪ, ಹಾಳೆಬಂಡಿ ಎಳೆಯಲು ಸೋದರಮಾವ, ಅಂಗಡಿಗಳಲ್ಲಿ ಕೂರಲು ಪ್ರೌಢಶಾಲೆಯ ಅಕ್ಕ ಅಣ್ಣಂದಿರು. ಬಂದ ಮಕ್ಕಳು ಉಡುಗೊರೆ ತರುವ ಬದಲು ತಮಗೆ ಬರುವ ಒಂದು ಆಟವನ್ನು ತರಲಿ. ತಿನಿಸು ಎರಡೇ ಬಗೆ ಇರಲಿ. ಲೋಟ ತೊಳೆಯುವ ಕೆಲಸ ಗಂಡಸರದಾಗಲಿ. ಹೀಗಾಗದಿದ್ದರೆ ತಾಯಂದಿರು ಪೇಟೆಯ ಪೆಟ್ಟಿಗೆಯನ್ನೇ ತರಿಸುತ್ತಾರೆ. ಅವರನ್ನು ದೂರುವ ಹಕ್ಕು ಯಾರಿಗೂ ಇರದು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಬಡವರ ಮನೆಯ ಮಗು ಶಾಲೆಯ ಗೆಳೆಯನ ಮನೆಯಲ್ಲಿ ಬಲೂನಿನ ಕಮಾನು ಕಂಡು ಬಂದಿರುತ್ತದೆ. ಅದರ ಅಪ್ಪ ಎರಡು ದಿನದ ಕೂಲಿಯನ್ನು ಕೂಡಿಟ್ಟು ಒಂದು ಕೇಕು, ಒಂದಿಷ್ಟು ಬಲೂನು ತಂದರೆ ಅದನ್ನು ತಪ್ಪೆನ್ನುವುದು ಹೇಗೆ? ತಪ್ಪೆನ್ನಲಾಗದು. ಅನುಕೂಲಸ್ಥರು ಮೊದಲು ಬದಲಾಗಬೇಕಾದದ್ದು ಈ ಕಾರಣಕ್ಕಾಗಿಯೇ. ತೋಟದ ಮನೆಯ ಹುಟ್ಟುಹಬ್ಬ ಎಂಥದ್ದೋ, ಊರಿನ ಆಸೆಯೂ ಅಂಥದ್ದೇ. ಅಲ್ಲಿ ಕಮಾನು ಎದ್ದರೆ ಲೈನುಮನೆಯ ಮಗುವೂ ಕಮಾನನ್ನೇ ಬಯಸುತ್ತದೆ. ಅಲ್ಲಿ ಹಾಳೆಬಂಡಿ ಓಡಿದರೆ ಆ ಮಗು ತನ್ನ ಮನೆಯಂಗಳದಲ್ಲಿ ಅದೇ ಬಂಡಿಯನ್ನು ಖರ್ಚಿಲ್ಲದೆ ಓಡಿಸಬಲ್ಲದು.

ಇನ್ನೂ ಒಂದು ಮಾತಿದೆ. ಕೊಂಡು ತಂದ ಹುಟ್ಟುಹಬ್ಬ ನಡೆಯುವುದು ಪಡಸಾಲೆಯ ಒಳಗೆ. ಅಲ್ಲಿ ಕರೆದವರಿಗಷ್ಟೇ ಜಾಗ. ತೋಟದ ಕೆಲಸಕ್ಕೆ ಬಂದವರ ಮಕ್ಕಳು ಕಿಟಕಿಯ ಹೊರಗೆ ನಿಂತು ನೋಡಿ, ಕೈಗೆ ಬಂದ ಕೇಕಿನ ಚೂರಿನೊಂದಿಗೆ ಮರಳುವ ದೃಶ್ಯ ಮಲೆನಾಡಿಗೆ ಹೊಸದಲ್ಲ. ಜಾತ್ರೆಗೆ ಬಾಗಿಲಿಲ್ಲ. ಅಂಗಳದಲ್ಲಿ ಎಲೆಯ ಟಿಕೇಟು ಹಿಡಿದ ಮಕ್ಕಳಲ್ಲಿ ಯಾರು ಯಾರ ಮನೆಯವರೆಂದು ಗೂಟಕ್ಕೆ ಬಳೆ ಎಸೆಯುವಾಗ ಯಾರೂ ಕೇಳುವುದಿಲ್ಲ. ಗುರಿ ಯಾರದು ಚೆನ್ನಾಗಿದೆ ಎಂಬುದೇ ಅಲ್ಲಿ ಮುಖ್ಯ. ಹಾಳೆಬಂಡಿಯನ್ನು ಚೆನ್ನಾಗಿ ಎಳೆಯಬಲ್ಲ, ಗರಿಯ ಪೀಪಿಯನ್ನು ಗಟ್ಟಿಯಾಗಿ ಊದಬಲ್ಲ ಮಗು ಕೂಲಿಕಾರರ ಮನೆಯದೇ ಆಗಿರುವ ಸಂಭವ ಹೆಚ್ಚು. ಆ ಸಂಜೆಯ ಗುರು ಅದೇ ಆಗುತ್ತದೆ.

ಊರಿಗೊಂದು ಜಾತ್ರೆಯ ಪೆಟ್ಟಿಗೆ

ಹಾಗಾದರೆ ಆಗಬೇಕಾದದ್ದೇನು? ಪ್ರತಿ ಊರಿನಲ್ಲಿಯೂ ಒಂದು ಹಳೆಯ ಟ್ರಂಕು ಸಾಕು. ಅದರಲ್ಲಿ ಹಳೆಯ ಸೀರೆ, ಪಂಚೆಗಳಿಂದ ಹೊಲಿದ ಬಟ್ಟೆಯ ತೋರಣ, ಐವತ್ತು ಸ್ಟೀಲ್ ಲೋಟ, ಬಳ್ಳಿಯ ಬಳೆ, ಬಟ್ಟೆಯ ಚೆಂಡು, ಗರಟೆ, ನಾಲ್ಕಾರು ಮುಖವಾಡ. ಸ್ತ್ರೀಶಕ್ತಿ ಸಂಘವೋ ಶಾಲೆಯ ಪರಿಸರ ಸಂಘವೋ ಅದನ್ನು ಕಾಯ್ದಿಡಲಿ. ಹುಟ್ಟುಹಬ್ಬವಿರುವ ಮನೆಗೆ ಅದು ಹೋಗಲಿ. ಮರುದಿನ ತೊಳೆದು, ಒಣಗಿಸಿ, ಹರಿದದ್ದನ್ನು ಹೊಲಿದು ಹಿಂತಿರುಗಿಸಲಿ. ಪ್ರತಿ ಮಗುವೂ ತನ್ನ ಹುಟ್ಟುಹಬ್ಬದಂದು ಆ ಪೆಟ್ಟಿಗೆಗೆ ತಾನು ಮಾಡಿದ ಒಂದು ವಸ್ತುವನ್ನು ಸೇರಿಸಲಿ. ಮಳೆಗಾಲದ ಹುಟ್ಟುಹಬ್ಬಕ್ಕೆ ಅಂಗಳ ಒದಗದು. ಆಗ ಜಗಲಿಯೋ ಅಂಗನವಾಡಿಯೋ ಆದೀತು. ಇದಕ್ಕೆ ಸರ್ಕಾರದ ಅನುದಾನ ಬೇಡ, ಠರಾವು ಬೇಡ. ಮೂರು ಮನೆಯವರು ಒಪ್ಪಿದರೆ ಆರಂಭಕ್ಕೆ ಸಾಕು.

ದೊಡ್ಡ ಜಾತ್ರೆಗಳಲ್ಲಿಯೇ ಇಂದು ಪ್ಲಾಸ್ಟಿಕ್ ಆಟಿಕೆಗಳ ರಾಶಿ ಬಿದ್ದಿರುವಾಗ ಮನೆಯಂಗಳದ ಈ ಪುಟ್ಟ ಜಾತ್ರೆಯಿಂದ ಏನಾದೀತೆಂದು ಕೇಳುವವರಿದ್ದಾರೆ. ದೊಡ್ಡ ಜಾತ್ರೆಯಲ್ಲಿ ಏನು ಕೊಳ್ಳಬೇಕೆಂದು ಅಪ್ಪ ಅಮ್ಮಂದಿರ ಕೈ ಜಗ್ಗುವುದು ಇದೇ ಮಕ್ಕಳು. ಗರಿಯ ಗಿರಗಟ್ಟೆ ತನ್ನ ಕೈಯಲ್ಲೇ ತಿರುಗಿದ್ದನ್ನು ಕಂಡ ಮಗು ಅಂಗಡಿಯ ಗಿರಗಟ್ಟೆಯನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

ಅಂಥ ಹುಟ್ಟುಹಬ್ಬದ ಮರುದಿನ ಬೆಳಿಗ್ಗೆ ಬಾಳೆ ಎಲೆ, ಹಲಸಿನ ಎಲೆಗಳನ್ನು ದನಗಳು ತಿಂದು ಮುಗಿಸಿರುತ್ತವೆ. ಹರಿದ ಹಾಳೆಬಂಡಿ ಗೊಬ್ಬರದ ಗುಂಡಿ ಸೇರಿರುತ್ತದೆ. ಬಚ್ಚಲ ಒಲೆಯಲ್ಲಿ ಅಡಿಕೆ ಸಿಪ್ಪೆಯಷ್ಟೇ ಉರಿಯುತ್ತಿರುತ್ತದೆ. ಆ ನೀರಿನಲ್ಲಿ ಮಗುವಿನ ಸ್ನಾನ, ಆ ಬೂದಿಯಿಂದ ತೋಟಕ್ಕೆ ಗೊಬ್ಬರ.